ಗಾಜು ಹೆಚ್ಚಿದಷ್ಟೂ ಬೆಳಕು ಹೆಚ್ಚುವುದಿಲ್ಲ

ಕಚೇರಿ ಕಟ್ಟಡವನ್ನು ನೆಲದಿಂದ ಸೂರಿನವರೆಗೆ ಗಾಜಿನಿಂದಲೇ ಮುಚ್ಚಿದರೆ ಒಳಗೆ ಹಗಲ ಬೆಳಕು ತಾನಾಗಿ ತುಂಬುತ್ತದೆ ಎಂಬ ನಂಬಿಕೆ ಇಂದಿಗೂ ಬಲವಾಗಿದೆ. ಈ ನಂಬಿಕೆಯನ್ನು ಬಿಡದ ಹೊರತು ಕುಳಿತು ಕೆಲಸ ಮಾಡಲು ಹಿತವಾದ ಕಚೇರಿಯನ್ನು ಕಟ್ಟಲಾಗದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಂಪ್ಯೂಟರಿನ ಮೇಲೆ ನೇರ ಬಿಸಿಲು ಬಿದ್ದೊಡನೆ ಅಲ್ಲಿ ಕುಳಿತವರು ಬ್ಲೈಂಡ್ ಇಳಿಸುತ್ತಾರೆ. ಬಿಸಿಲು ಸರಿದ ಮೇಲೆ ಅದನ್ನು ಮತ್ತೆ ಏರಿಸುವವರು ವಿರಳ. ಹೀಗೆ ನಡುಹಗಲಿನಲ್ಲೂ ದೀಪಗಳು ಉರಿಯುತ್ತವೆ, ಗಾಜಿನಿಂದ ನುಗ್ಗಿದ ಶಾಖವನ್ನು ಹೊರದಬ್ಬಲು ಏಸಿಯೂ ದುಡಿಯುತ್ತಿರುತ್ತದೆ.

ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳದು. ಅದನ್ನು ತಡೆದು ಬೆಳಕನ್ನಷ್ಟೇ ಒಳಬಿಡುವ ಲೇಪಿತ ಗಾಜು ಈಗ ದೊರೆಯುತ್ತದೆ, ನಿಜ. ಆದರೆ ಒಳಬಂದ ಬೆಳಕೂ ಗೋಡೆ, ನೆಲ, ಮೇಜುಗಳಲ್ಲಿ ಹೀರಲ್ಪಟ್ಟು ಕೊನೆಗೆ ಶಾಖವೇ ಆಗುವುದರಿಂದ, ಗಾಜಿನ ಗುಣವೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ.

ದೇಹಕ್ಕೆ ಹಿತವೆನಿಸುವುದನ್ನು ಗಾಳಿಯ ಉಷ್ಣಾಂಶವೊಂದೇ ನಿರ್ಧರಿಸುವುದಿಲ್ಲ. ಡೆನ್ಮಾರ್ಕಿನ ವಿಜ್ಞಾನಿ ಫ್ಯಾಂಗರ್ 1970ರಲ್ಲಿ ಮಂಡಿಸಿದ ಲೆಕ್ಕಾಚಾರದಲ್ಲಿ ಆರು ಅಂಶಗಳಿವೆ: ಗಾಳಿಯ ಉಷ್ಣಾಂಶ, ಸುತ್ತಲಿನ ಮೇಲ್ಮೈಗಳು ಸೂಸುವ ಶಾಖ, ಗಾಳಿಯ ವೇಗ, ತೇವಾಂಶ, ಉಟ್ಟ ಬಟ್ಟೆ ಮತ್ತು ದೇಹದ ಚಟುವಟಿಕೆ. ಇವುಗಳಲ್ಲಿ ಎರಡನೆಯದನ್ನು ಏಸಿಯನ್ನು ನಿಯಂತ್ರಿಸುವ, ಗೋಡೆಯ ಮೇಲಿನ ಥರ್ಮೋಸ್ಟಾಟ್ ಬಹುಮಟ್ಟಿಗೆ ಗಮನಿಸುವುದೇ ಇಲ್ಲ. ಅದು 24 ಡಿಗ್ರಿ ತೋರಿಸುತ್ತಿರುವಾಗಲೇ ಕಾದ ಗಾಜಿನ ಪಕ್ಕದಲ್ಲಿರುವವರು ಬೆವರುತ್ತಾರೆ, ಒಳಸಾಲಿನವರು ಸ್ವೆಟರ್ ತೊಡುತ್ತಾರೆ. ಆಗ ಉಷ್ಣಾಂಶವನ್ನು ಇನ್ನೂ ಇಳಿಸಿದರೆ ಒಳಸಾಲಿನವರಿಗೆ ಶಿಕ್ಷೆಯಾಗುತ್ತದೆಯೇ ಹೊರತು ಗಾಜಿನ ಬಿಸಿ ತಗ್ಗುವುದಿಲ್ಲ. ಜನರ ಸೂಕ್ಷ್ಮತೆಯನ್ನು ದೂರುವ ಮೊದಲು ಕಟ್ಟಡವನ್ನು ಪರೀಕ್ಷಿಸಬೇಕು.

ಪರಿಹಾರ ಮೊದಲ ನಕ್ಷೆಯಲ್ಲೇ ಇರಬೇಕು. ಸಾಮಾನ್ಯವಾಗಿ ಕಿಟಕಿಯ ಮೇಲಂಚಿನ ಎತ್ತರದ ಒಂದೂವರೆಯಿಂದ ಎರಡು ಪಟ್ಟು ದೂರದವರೆಗೆ ಮಾತ್ರ ಉಪಯುಕ್ತ ಬೆಳಕು ತಲುಪುತ್ತದೆ. ಮೇಲಂಚು 3 ಮೀಟರ್ ಎತ್ತರದಲ್ಲಿದ್ದರೆ ನಾಲ್ಕೂವರೆಯಿಂದ ಆರು ಮೀಟರ್. ಆದ್ದರಿಂದ ಕಟ್ಟಡ ಕಿರಿದಾಗಿರಬೇಕು, ಕಿಟಕಿ ಎತ್ತರಕ್ಕೆ ಏರಬೇಕು. ಮೇಜಿನ ಮಟ್ಟಕ್ಕಿಂತ ಕೆಳಗಿನ ಗಾಜು ಮೇಜಿಗೆ ಬೆಳಕನ್ನು ಕೊಡುವುದು ಅತ್ಯಲ್ಪ, ಶಾಖವನ್ನು ಮಾತ್ರ ಧಾರಾಳವಾಗಿ ತರುತ್ತದೆ. ಉದ್ದನೆಯ ಬದಿಗಳು ಉತ್ತರ ಮತ್ತು ದಕ್ಷಿಣಕ್ಕಿದ್ದರೆ ಮೇಲಿನಿಂದ ಬೀಳುವ ಬಿಸಿಲನ್ನು ಸಜ್ಜಾ ತಡೆಯುತ್ತದೆ. ಪೂರ್ವ ಮತ್ತು ಪಶ್ಚಿಮದ ಓರೆ ಬಿಸಿಲಿಗೆ ಸಜ್ಜಾ ಸಾಲದು. ಅಲ್ಲಿ ಕಿಟಕಿಗಳು ಚಿಕ್ಕದಾಗಿರಬೇಕು ಅಥವಾ ಹೊರಗೆ ಲಂಬ ಫಲಕಗಳಿರಬೇಕು. ಒಳಗಿನ ಬ್ಲೈಂಡ್ ಇದಕ್ಕೆ ಬದಲಿಯಲ್ಲ, ಏಕೆಂದರೆ ಬಿಸಿಲು ಅದನ್ನು ಮುಟ್ಟುವ ಹೊತ್ತಿಗೆ ಶಾಖ ಒಳಸೇರಿರುತ್ತದೆ.

1996ರಲ್ಲಿ ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿ ತೆರೆದ, ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ವಿನ್ಯಾಸದ ಈಸ್ಟ್‌ಗೇಟ್ ಕಟ್ಟಡ ರಾತ್ರಿಯ ತಂಪನ್ನು ಕಾಂಕ್ರೀಟಿನಲ್ಲಿ ಹಿಡಿದಿಟ್ಟುಕೊಂಡು ಸಾಂಪ್ರದಾಯಿಕ ಏಸಿ ಇಲ್ಲದೆಯೇ ನಡೆಯುತ್ತಿದೆ. ಎಲ್ಲ ಹವಾಮಾನಕ್ಕೂ ಆ ವಿಧಾನ ಒಗ್ಗದು; ರಾತ್ರಿಯೂ ತಂಪಾಗದ ಊರಿನಲ್ಲಿ ಬೀಸುವ ಗಾಳಿಯನ್ನೇ ಆಶ್ರಯಿಸಬೇಕಾಗುತ್ತದೆ.

ಇನ್ನೊಂದು ಮಾತು ಚರ್ಚೆಗೇ ಬರುವುದಿಲ್ಲ. ಕಿಟಕಿಯ ಪಕ್ಕದ ದೀಪಗಳ ಸಾಲಿಗೆ ಪ್ರತ್ಯೇಕ ಸ್ವಿಚ್ ಅಥವಾ ಸೆನ್ಸರ್ ಇಲ್ಲದಿದ್ದರೆ, ಹಗಲ ಬೆಳಕು ಎಷ್ಟೇ ಬಂದರೂ ಇಡೀ ಮಹಡಿಯ ದೀಪಗಳು ಒಟ್ಟಿಗೆ ಉರಿಯುತ್ತಲೇ ಇರುತ್ತವೆ. ವೈರಿಂಗ್ ನಕ್ಷೆಗೆ ಸಹಿ ಹಾಕುವ ಮೊದಲು ವಾಸ್ತುಶಿಲ್ಪಿಗಳು ಇದನ್ನು ಕೇಳಿ ಖಚಿತಪಡಿಸಿಕೊಳ್ಳಲಿ.