ಭಕ್ತಿಗೂ ಒಬ್ಬ ಥರ್ಡ್ ಅಂಪೈರ್

ಕ್ರಿಕೆಟ್ ಮೈದಾನದಲ್ಲಿ ಇಬ್ಬರು ಅಂಪೈರ್ ಇರುತ್ತಾರೆ. ಟಿವಿ ಮುಂದೆ ಇನ್ನೊಬ್ಬರು. ಇವರೆಲ್ಲರ ಮೇಲೆ ಮ್ಯಾಚ್ ರೆಫರಿ. ಆದರೂ ಒಂದು ಮುಖ್ಯ ಕೆಲಸ ಬಾಕಿ ಉಳಿಯುತ್ತದೆ. ಆಟಗಾರ ದೇವರನ್ನು ನೆನೆದನಾ, ಜಾಸ್ತಿ ನೆನೆದನಾ, ಅಥವಾ ಬೇರೆಯವರ ದೇವರನ್ನು ನೆನೆದುಬಿಟ್ಟನಾ ಅಂತ ನೋಡುವವರು ಯಾರು? ಐಸಿಸಿ ಈ ಹುದ್ದೆಗೆ ಯಾರನ್ನೂ ನೇಮಿಸಿಲ್ಲ. ಹಾಗಂತ ಹುದ್ದೆ ಖಾಲಿ ಇಲ್ಲ. ನಾವೇ ಲಕ್ಷಗಟ್ಟಲೆ ಜನ ಸೋಫಾ ಮೇಲೆ ಕೂತು, ಒಂದು ಪೈಸೆ ಸಂಬಳ ಕೇಳದೆ, ಈ ಸೇವೆ ಮಾಡುತ್ತಿದ್ದೇವೆ.

ನಮ್ಮ ಕಣ್ಣು ಎಷ್ಟು ಚುರುಕು ಅನ್ನುವುದಕ್ಕೆ 2023ರ ನವೆಂಬರ್ 2ರ ವಾಂಖೆಡೆ ಪಂದ್ಯವೇ ಸಾಕ್ಷಿ. ವಿಶ್ವಕಪ್ ಪಂದ್ಯ. ಶ್ರೀಲಂಕಾ 55ಕ್ಕೆ ಆಲೌಟ್. ಮೊಹಮ್ಮದ್ ಶಮಿ 5 ಓವರ್ ಹಾಕಿ, 18 ರನ್ ಕೊಟ್ಟು, 5 ವಿಕೆಟ್ ಕಿತ್ತರು. ವಿಶ್ವಕಪ್‌ನಲ್ಲಿ ಭಾರತದ ಪರ ಅತಿ ಹೆಚ್ಚು ವಿಕೆಟ್ ಪಡೆದ ದಾಖಲೆ ನಮ್ಮ ಜಾವಗಲ್ ಶ್ರೀನಾಥ್ ಮತ್ತು ಜಹೀರ್ ಖಾನ್ ಹೆಸರಿನಲ್ಲಿತ್ತು, ತಲಾ 44. ಅದೂ ಅವತ್ತೇ ಮುರಿಯಿತು. ಇರಲಿ, ಇವೆಲ್ಲ ಚಿಲ್ಲರೆ ವಿಷಯ. ನಾವು ನೋಡಿದ್ದು ಶಮಿಯ ಮೊಣಕಾಲನ್ನು. ಐದನೇ ವಿಕೆಟ್ ಬಿದ್ದ ಮೇಲೆ ಅವರು ಮೊಣಕಾಲೂರಿ ನೆಲ ಮುಟ್ಟಿದರು. ಆಮೇಲೆ ಎದ್ದರು.

ಮುಗೀತು! ಸಜ್ದಾ (ಹಣೆಯನ್ನು ನೆಲಕ್ಕೆ ಮುಟ್ಟಿಸಿ ಅಲ್ಲಾಹನಿಗೆ ನಮಿಸುವುದು) ಮಾಡಲು ಹೋಗಿದ್ದರು, ಹೆದರಿ ಅರ್ಧಕ್ಕೆ ಬಿಟ್ಟರು ಅಂತ ಒಂದು ಗುಂಪು. ಮಾಡಲು ಹೊರಟಿದ್ದೇ ತಪ್ಪು ಅಂತ ಇನ್ನೊಂದು. ಬಿಟ್ಟಿದ್ದು ತಪ್ಪು ಅಂತ ಮತ್ತೊಂದು. ಸ್ಲೋ ಮೋಷನ್‌ನಲ್ಲಿ ಮುಂದೆ ಹಿಂದೆ ಓಡಿಸಿ ನೋಡಿದೆವು. ಹಣೆಗೂ ಹುಲ್ಲಿಗೂ ನಡುವೆ ಎಷ್ಟು ಅಂತರ ಉಳಿದಿತ್ತು ಅಂತ ಅಳೆದೆವು. ಎಲ್‌ಬಿಡಬ್ಲ್ಯುಗೂ ಇಷ್ಟು ಶ್ರದ್ಧೆ ತೋರಿಸಿದ ದಾಖಲೆ ಇಲ್ಲ. ಕೊನೆಗೆ ಶಮಿಯೇ ಬಾಯಿ ಬಿಡಬೇಕಾಯಿತು. ಶಕ್ತಿ ಮೀರಿ ಬೌಲ್ ಮಾಡಿ ಸುಸ್ತಾಗಿತ್ತು, ಸಜ್ದಾ ಮಾಡಬೇಕು ಅನ್ನಿಸಿದ್ದರೆ ಮಾಡುತ್ತಿದ್ದೆ, ತಡೆಯುವವರು ಯಾರು ಅಂದರು. ಸುಸ್ತು! ವೇಗದ ಬೌಲರ್‌ಗೆ ಸುಸ್ತಾಗಬಹುದು ಅನ್ನುವ ಸಾಧ್ಯತೆ ನಮ್ಮ ಯಾವ ಕ್ಯಾಮೆರಾದಲ್ಲೂ ಸಿಕ್ಕಿರಲಿಲ್ಲ.

ಅದೇ ಶಮಿ, 2025ರ ಮಾರ್ಚ್ 4, ದುಬೈ. ಚಾಂಪಿಯನ್ಸ್ ಟ್ರೋಫಿ ಸೆಮಿಫೈನಲ್, ಎದುರಿಗೆ ಆಸ್ಟ್ರೇಲಿಯಾ. ಬೌಂಡರಿ ಹತ್ತಿರ ನಿಂತು ಬಾಟಲಿಯಿಂದ ಏನೋ ಕುಡಿದರು. ರಂಜಾನ್ ತಿಂಗಳು. ಈ ಸಲ ಅಪೀಲ್ ಬಂದದ್ದು ಎದುರು ದಿಕ್ಕಿನಿಂದ. ರೋಜಾ, ಅಂದರೆ ರಂಜಾನ್ ಉಪವಾಸ, ಇಡಲಿಲ್ಲ, ಶರಿಯತ್ ಪ್ರಕಾರ ಅಪರಾಧಿ ಅಂತ ಒಬ್ಬ ಮೌಲಾನಾ ಸಾಹೇಬರು ಬೆರಳೆತ್ತಿಯೇಬಿಟ್ಟರು. ಪ್ರಯಾಣದಲ್ಲಿ ಇರುವವರಿಗೆ ರೋಜಾದಿಂದ ವಿನಾಯಿತಿ ಇದೆ ಅಂತ ಬೇರೆಯವರು ನೆನಪಿಸಿದರು. ಅಂಪೈರ್ ಒಮ್ಮೆ ಬೆರಳೆತ್ತಿದ ಮೇಲೆ ಇಳಿಸುತ್ತಾರಾ? ಹೀಗೆ ಎರಡು ವರ್ಷದೊಳಗೆ ಒಬ್ಬನೇ ಮನುಷ್ಯ ಭಕ್ತಿ ಜಾಸ್ತಿಯಾಗಿಯೂ ಔಟ್, ಕಡಿಮೆಯಾಗಿಯೂ ಔಟ್. ಅವತ್ತು ಅವರು 3 ವಿಕೆಟ್ ಪಡೆದರು, ಭಾರತ ಫೈನಲ್‌ಗೆ ಹೋಯಿತು. ಅದು ಅಡಿಟಿಪ್ಪಣಿಗೆ ಸಾಕು.

ಹೆಣ್ಣುಮಕ್ಕಳ ಆಟವನ್ನು ಯಾರೂ ನೋಡುವುದಿಲ್ಲ ಅನ್ನುವ ದೂರು ಹಳೆಯದು. ಅದನ್ನೂ ನಾವು ಸುಳ್ಳು ಮಾಡಿದೆವು. 2025ರ ಅಕ್ಟೋಬರ್ 30ರಂದು ನವಿ ಮುಂಬೈನಲ್ಲಿ ಜೆಮಿಮಾ ರೊಡ್ರಿಗಸ್ ಔಟಾಗದೆ 127 ಹೊಡೆದರು. 339ರ ಗುರಿ ಮುಟ್ಟಿ ಭಾರತ ಆಸ್ಟ್ರೇಲಿಯಾವನ್ನು ವಿಶ್ವಕಪ್‌ನಿಂದ ಆಚೆ ಹಾಕಿತು. ಆ ಹುಡುಗಿ ಅಳುತ್ತಾ ಯೇಸುವಿಗೆ ವಂದನೆ ಹೇಳಿದರು. ಸರಿ, ಕೂಡಲೇ ಜಾಲತಾಣದಲ್ಲಿ ರಿವ್ಯೂ ಶುರು. ಅಮ್ಮ ಅಪ್ಪನಿಗೆ, ಕೋಚ್‌ಗೆ ಹೇಳಿದ ವಂದನೆ ಓಕೆ. ಅವರಿಗಿಂತ ಮೊದಲು ಬಂದ ಆ ಹೆಸರು ಮಾತ್ರ ನೋಬಾಲ್. ಅವರು ಓಡಿ ಓಡಿ ತೆಗೆದ ರನ್ ನಮ್ಮ ಲೆಕ್ಕಕ್ಕೆ ಬೇಕು, ಓಡುವಾಗ ಮನಸ್ಸಿನಲ್ಲಿ ಯಾರನ್ನು ಕರೆದರು ಅನ್ನುವುದಕ್ಕೆ ಮಾತ್ರ ನಮ್ಮ ಅನುಮತಿ ಬೇಕು. (ನಿಜ ಹೇಳಬೇಕೆಂದರೆ, ಎದೆ ಡವಡವ ಅನ್ನುವಾಗ ಒಬ್ಬ ಆಟಗಾರ ಏನೋ ಗುನುಗಿಕೊಂಡರೆ ಯಾರಪ್ಪನ ಗಂಟೂ ಹೋಗುವುದಿಲ್ಲ. ಆದರೆ ಇಂಥ ಮಾತಾಡಿದರೆ ನನ್ನ ಅಂಪೈರ್ ಕೆಲಸ ಹೋಗುತ್ತದೆ.)

ಎಲ್ಲಾ ಭಕ್ತಿಯನ್ನೂ ನಾವು ಹೀಗೆ ತಡವುತ್ತೇವೆ ಅಂದುಕೊಳ್ಳಬೇಡಿ. 2006ರಲ್ಲಿ ಸಚಿನ್ ತೆಂಡೂಲ್ಕರ್‌ಗೆ ಲಂಡನ್ನಿನಲ್ಲಿ ಭುಜದ ಆಪರೇಷನ್ ಆಯಿತು. ಅದೇ ವರ್ಷ ಅವರು ಕುಕ್ಕೆ ಸುಬ್ರಹ್ಮಣ್ಯಕ್ಕೆ ಬಂದು ನಾಗದೇವರಿಗೆ ಪೂಜೆ ಸಲ್ಲಿಸಿದರು. ಸೆಪ್ಟೆಂಬರ್‌ನಲ್ಲಿ ಕ್ವಾಲಾಲಂಪುರದಲ್ಲಿ ವೆಸ್ಟ್ ಇಂಡೀಸ್ ಮೇಲೆ ಔಟಾಗದೆ 141. ಭುಜ ನೆಟ್ಟಗಾಗಿತ್ತು. ಕೀರ್ತಿ ಸರ್ಜನ್‌ಗೋ ಸುಬ್ರಹ್ಮಣ್ಯನಿಗೋ ಅಂತ ಯಾರೂ ಸ್ಲೋ ಮೋಷನ್ ಹಾಕಲಿಲ್ಲ, ಹಾಕಬಾರದಿತ್ತು ಕೂಡ. ಆ ಪಂದ್ಯವನ್ನು ಮಳೆ ಬಂದು, ಡಕ್‌ವರ್ತ್ ಲೂಯಿಸ್ ಲೆಕ್ಕದಲ್ಲಿ ನಾವು ಸೋತೆವು. ಅದು ವರುಣನ ಇಲಾಖೆ, ಸುಬ್ರಹ್ಮಣ್ಯನನ್ನು ಕೇಳಿ ಪ್ರಯೋಜನವಿಲ್ಲ.

2023ರ ನವೆಂಬರ್ 19ರ ವಿಶ್ವಕಪ್ ಫೈನಲ್‌ಗೆ ಊರೂರಲ್ಲಿ ಹೋಮ ನಡೆದವು. ಆಟಗಾರರ ಫೋಟೊ, ತುಪ್ಪ, ಮಂತ್ರ, ಎದುರಿಗೆ ಕ್ಯಾಮೆರಾ. ಆಸ್ಟ್ರೇಲಿಯಾದ ಟ್ರಾವಿಸ್ ಹೆಡ್ 137 ಹೊಡೆದು ಕಪ್ ಎತ್ತಿಕೊಂಡು ಹೋದರು. ಮರುದಿನ ಪಿಚ್ ಬಗ್ಗೆ ಚರ್ಚೆ ಆಯಿತು, ಟಾಸ್ ಬಗ್ಗೆ ಆಯಿತು, ಸೂರ್ಯಕುಮಾರ್ ಬ್ಯಾಟಿಂಗ್ ಬಗ್ಗೆಯೂ ಆಯಿತು. ತುಪ್ಪದ ಗುಣಮಟ್ಟದ ಬಗ್ಗೆ ತನಿಖಾ ಸಮಿತಿ ಯಾಕೆ ಆಗಲಿಲ್ಲವೋ ಗೊತ್ತಿಲ್ಲ.

ಆದರೆ ಕ್ರಿಕೆಟ್‌ನವರು ಈ ವಿಷಯದಲ್ಲಿ ಇನ್ನೂ ಎಳಸು. ಕಲಿಯಬೇಕಾದದ್ದು ಫುಟ್‌ಬಾಲ್‌ನಿಂದ. 2022ರ ಜೂನ್ 11ರಂದು ಕೋಲ್ಕತ್ತದಲ್ಲಿ ಅಫ್ಘಾನಿಸ್ತಾನದ ವಿರುದ್ಧ ಏಷ್ಯನ್ ಕಪ್ ಅರ್ಹತಾ ಪಂದ್ಯವಿತ್ತು. ಅದಕ್ಕೆ ಮುಂಚೆ ಭಾರತ ತಂಡದ ಆಗಿನ ಕೋಚ್ ಇಗೊರ್ ಸ್ಟಿಮಾಚ್ ಆಟಗಾರರ ಪಟ್ಟಿಯನ್ನು ಒಬ್ಬ ಜ್ಯೋತಿಷಿಗೆ ಕಳಿಸಿದ್ದರು ಅಂತ 'ಇಂಡಿಯನ್ ಎಕ್ಸ್‌ಪ್ರೆಸ್' 2023ರಲ್ಲಿ ವರದಿ ಮಾಡಿತು. ಜ್ಯೋತಿಷಿ ಒಬ್ಬೊಬ್ಬರ ಮುಂದೆ ಷರಾ ಬರೆದರಂತೆ. ಒಬ್ಬ ಚೆನ್ನಾಗಿದ್ದಾನೆ. ಇನ್ನೊಬ್ಬನಿಗೆ ಅತಿ ಆತ್ಮವಿಶ್ವಾಸ ಬೇಡ. ಮತ್ತೊಬ್ಬ ಇವತ್ತಿಗೆ ಬೇಡವೇ ಬೇಡ. ಫಿಟ್‌ನೆಸ್ ಟೆಸ್ಟ್, ಜಿಪಿಎಸ್ ಜಾಕೆಟ್ ಎಲ್ಲ ಸುಮ್ನೆ ಖರ್ಚು, ಅಲ್ವಾ? ಹುಟ್ಟಿದ ದಿನ ಹೇಳಿದರೆ ಎಡಗಾಲಿನ ಶಾಟ್ ಹೇಗಿದೆ ಅಂತ ಗೊತ್ತಾಗುತ್ತದೆ.

ಪಂದ್ಯ ಗೆದ್ದೆವು, 2-1. ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ 86ನೇ ನಿಮಿಷದಲ್ಲಿ ಫ್ರೀಕಿಕ್‌ನಿಂದ ಗೋಲು ಹೊಡೆದರು. ಎರಡೇ ನಿಮಿಷದಲ್ಲಿ ಅಫ್ಘಾನಿಸ್ತಾನ ಸಮ ಮಾಡಿತು. 90 ನಿಮಿಷ ಮುಗಿದ ಮೇಲಿನ ಇಂಜುರಿ ಟೈಮ್‌ನಲ್ಲಿ ಗೆಲುವಿನ ಗೋಲು ಹೊಡೆದದ್ದು ಸಹಲ್ ಅಬ್ದುಲ್ ಸಮದ್, ಬದಲಿ ಆಟಗಾರನಾಗಿ ಬೆಂಚಿನಿಂದ ಎದ್ದು ಬಂದವರು! ನಕ್ಷತ್ರಗಳಿಗೆ ಬೆಂಚು ಕಾಣಿಸುವುದಿಲ್ಲವೋ ಏನೋ.

ಹಾಗೆ ಅರ್ಹತೆ ಪಡೆದ ಏಷ್ಯನ್ ಕಪ್ 2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆಯಿತು. ಭಾರತ ಆಡಿದ್ದು 3 ಪಂದ್ಯ, ಸೋತದ್ದು 3. ಬಿಟ್ಟುಕೊಟ್ಟ ಗೋಲು 6, ಹೊಡೆದದ್ದು ಸೊನ್ನೆ. ಜೂನ್‌ನಲ್ಲಿ ಕೋಚ್‌ನನ್ನು ತೆಗೆದುಹಾಕಿದರು. ಗುರು, ಶನಿ ಇಬ್ಬರೂ ಹುದ್ದೆಯಲ್ಲೇ ಮುಂದುವರಿದಿದ್ದಾರೆ.