ಸಾರಾಂಶ ಓದುವುದಕ್ಕೂ ವಾದ ಕಟ್ಟುವುದಕ್ಕೂ ಅಂತರವಿದೆ
ವ್ಯವಹಾರ ಕಾನೂನಿನ ಸ್ನಾತಕೋತ್ತರ ವ್ಯಾಸಂಗವು ಪದವಿಯಲ್ಲಿ ಕಲಿತದ್ದನ್ನೇ ಮತ್ತೊಮ್ಮೆ ಓದಿಸುತ್ತದೆ ಎಂದು ಲೇಖನವೊಂದರಲ್ಲಿ ಅದರ ಲೇಖಕರು ವ್ಯಕ್ತಪಡಿಸಿರುವ ಅಭಿಪ್ರಾಯವನ್ನು ಪೂರ್ತಿಯಾಗಿ ಒಪ್ಪಲಾಗದು. ಕಂಪನಿಯು ತನ್ನ ಷೇರುದಾರರಿಂದ ಪ್ರತ್ಯೇಕವಾದ ಕಾನೂನಾತ್ಮಕ ವ್ಯಕ್ತಿ ಎಂಬ ತತ್ತ್ವವನ್ನು ದೃಢಪಡಿಸಿದ 1897ರ ಸಾಲೊಮನ್ ಪ್ರಕರಣವನ್ನು ಪದವಿ ವಿದ್ಯಾರ್ಥಿಗಳು ಒಂದು ಪುಟದ ಸಾರಾಂಶವಾಗಿ ಓದಿ ಪರೀಕ್ಷೆ ಮುಗಿಸುತ್ತಾರೆ (ಅದರಲ್ಲಿ ತಪ್ಪೇನೂ ಇಲ್ಲ). ಸ್ನಾತಕೋತ್ತರ ಹಂತದಲ್ಲಾದರೋ, ಬೂಟು ತಯಾರಕನಾಗಿದ್ದ ಸಾಲೊಮನ್ ತನ್ನದೇ ಕಂಪನಿಯಿಂದ, ಅದರ ಆಸ್ತಿಯನ್ನು ಭದ್ರತೆಯಾಗಿಟ್ಟ ಸಾಲಪತ್ರಗಳಾದ ಡಿಬೆಂಚರ್‌ಗಳನ್ನು ಪಡೆದು, ಕಂಪನಿ ದಿವಾಳಿಯಾದಾಗ ಭದ್ರತೆಯಿಲ್ಲದೆ ಸಾಲ ಕೊಟ್ಟವರಿಗಿಂತ ಮುಂಚಿನ ಹಕ್ಕು ಗಳಿಸಿದ್ದು ನ್ಯಾಯವೇ ಎಂಬುದನ್ನೂ, ಇಂದಿನ ಕಾರ್ಪೊರೇಟ್ ಸಮೂಹಗಳಲ್ಲಿ ಅಂಗಸಂಸ್ಥೆಯ ಹೊಣೆಯಿಂದ ಮಾತೃಸಂಸ್ಥೆ ಎಷ್ಟರಮಟ್ಟಿಗೆ ನುಣುಚಿಕೊಳ್ಳಬಹುದು ಎಂಬುದನ್ನೂ ವಿದ್ಯಾರ್ಥಿಯೇ ವಾದಿಸಿ ತೋರಿಸಬೇಕಾಗುತ್ತದೆ.

ಈ ವ್ಯಾಸಂಗದಲ್ಲಿ ಕರಾರು ಬರೆಯುವ ಅಭ್ಯಾಸ ಸಾಲದೆಂಬ ಲೇಖಕರ ಆಕ್ಷೇಪ ಮಾತ್ರ ನೂರಕ್ಕೆ ನೂರು ಸರಿ. ನ್ಯಾಯಾಲಯದ ಹೊರಗೆ ವಿವಾದ ಬಗೆಹರಿಸುವ ಮಧ್ಯಸ್ಥಗಾರರ ತೀರ್ಪನ್ನು ಬೇರೊಂದು ದೇಶದಲ್ಲಿ ಜಾರಿಗೊಳಿಸಲು ನೆರವಾಗುವ 1958ರ ನ್ಯೂಯಾರ್ಕ್ ಒಪ್ಪಂದದ ಕುರಿತು ದೀರ್ಘ ಪ್ರಬಂಧ ಬರೆಯಬಲ್ಲವರೂ, ಮಧ್ಯಸ್ಥಿಕೆಯ ಷರತ್ತನ್ನು ಬರೆಯಲು ಕುಳಿತಾಗ ವಿಚಾರಣೆ ನಡೆಯುವ ಊರಿಗೂ ಮಧ್ಯಸ್ಥಿಕೆಯ ಕಾನೂನಾತ್ಮಕ ನೆಲೆಗೂ (ಅಂದರೆ ಆ ಮಧ್ಯಸ್ಥಿಕೆಯ ಮೇಲೆ ಯಾವ ಸ್ಥಳದ ಕಾನೂನು ಮತ್ತು ನ್ಯಾಯಾಲಯಗಳಿಗೆ ಅಧಿಕಾರ ಎಂಬುದಕ್ಕೂ) ಇರುವ ವ್ಯತ್ಯಾಸವನ್ನು ಮರೆಯುತ್ತಾರೆ. ಆ ನೆಲೆಯನ್ನು ಸ್ಪಷ್ಟಪಡಿಸದ ಷರತ್ತಿನಿಂದ, ಮೂಲ ವಿವಾದಕ್ಕೆ ಮೊದಲೇ ಯಾವ ನ್ಯಾಯಾಲಯಕ್ಕೆ ಅಧಿಕಾರವಿದೆ ಎಂಬ ಇನ್ನೊಂದು ವಿವಾದ ಹುಟ್ಟಿಕೊಳ್ಳುತ್ತದೆ.