ಸಾರು ಅಂದರೆ ಆರು ಅಂತ ಕೇಳುವ ಅಪ್ಪಯ್ಯ

"ಅವರಿಗೆ ಬೇಕಾದ್ದು ಮಾತ್ರ ಕೇಳುತ್ತೆ." ಅಪ್ಪಯ್ಯನ ಬಗ್ಗೆ ನಮ್ಮ ಮನೆಯಲ್ಲಿ ಎಲ್ಲರೂ ಆಡಿದ ಮಾತು ಇದು. ನಾನೂ ಆಡಿದ್ದೇನೆ, ಅದೂ ನಗುತ್ತಾ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಊಟಕ್ಕೆ ಕೂತಾಗ ಅಮ್ಮ "ಸಾರು ಹಾಕ್ಲಾ?" ಅಂದರೆ, "ಆರು ಯಾಕೆ? ನಾವಿರೋದು ನಾಲ್ಕೇ ಜನ" ಅನ್ನುತ್ತಿದ್ದರು. ಆದರೆ ಅಂಗಳದಲ್ಲಿ ಯಾರಾದರೂ ಗಂಡಸರು ಅಡಿಕೆ ರೇಟಿನ ಮಾತೆತ್ತಿದರೆ ಜಗುಲಿಯಿಂದಲೇ ಉತ್ತರ. ಮತ್ತೆ ನಾಟಕ ಅನ್ನಿಸದೆ ಇರುತ್ತದಾ?

ಕೊನೆಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದೆ. ಮೊದಲು ಗುಗ್ಗೆ ಕಟ್ಟಿದೆಯಾ ಅಂತ ನೋಡಿದರು. ಇರಲಿಲ್ಲ. ಆಮೇಲೆ ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕುಯ್ ಅಂತ ಕೇಳಿದಾಗೆಲ್ಲ ಬಟನ್ ಒತ್ತಿಸಿದರು. ಕಾಗದದ ಮೇಲೆ ಬಂದ ಗೆರೆ ದಪ್ಪ ಸದ್ದುಗಳ ಕಡೆ ಹೆಚ್ಚುಕಮ್ಮಿ ಮಟ್ಟಸ. 2000 ಹರ್ಟ್ಸ್ (ಸದ್ದು ಎಷ್ಟು ಕೀರಲು ಅನ್ನುವ ಅಳತೆ) ದಾಟಿದ ಮೇಲೆ ಆಗುಂಬೆ ಘಾಟಿ ಇಳಿದ ಹಾಗೆ ಕೆಳಕ್ಕೆ.

ಒಂದೊಂದು ಒಳಕಿವಿಯಲ್ಲೂ ಸುಮಾರು 15,000 ಸಣ್ಣ ಸಣ್ಣ ಜೀವಕೋಶಗಳಿರುತ್ತವಂತೆ, ತಲೆಯ ಮೇಲೆ ಕೂದಲಿನಂಥ ಎಳೆ ಇರುವಂಥವು. ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಯಸ್ಸಾದಂತೆ ಕೀರಲು ಸದ್ದು ಹಿಡಿಯುವವೇ ಮೊದಲು ಹೋಗುತ್ತವೆ. ಅಪ್ಪಯ್ಯನಿಗೆ ವಯಸ್ಸಿನ ಜೊತೆ ಅಕ್ಕಿ ಗಿರಣಿಯ ಸದ್ದೂ ಸೇರಿದೆ. 'ಸ', 'ಶ' ಎಲ್ಲ ಕೀರಲು ಸದ್ದುಗಳು, 'ಆ', 'ಓ' ದಪ್ಪನವು. ಸಾರಿನ 'ಸ' ಬಿದ್ದುಹೋದರೆ ಉಳಿಯೋದು ಆರೇ ಅಲ್ವಾ! ಅಡಿಕೆ ಮಾತಾಡುವವರದ್ದು ದಪ್ಪ ಗಂಟಲು, ಕೇಳುತ್ತದೆ. ಅಮ್ಮನದು ತೆಳು ಸ್ವರ. ಮೊಮ್ಮಗಳದ್ದು ಇನ್ನೂ ತೆಳು.

ಹೋದ ಮಳೆಗಾಲದಲ್ಲಿ ಜಗುಲಿಯಲ್ಲಿ ಕೂತು "ಈ ಸಲ ಜೀರುಂಡೆಯೇ ಇಲ್ಲವಲ್ಲ ಮಾರಾಯ" ಅಂದಿದ್ದರು. ಆವತ್ತು ಜೀರುಂಡೆ ಕಿವಿ ತೂತಾಗುವಷ್ಟು ಕೂಗುತ್ತಿತ್ತು. ತಮಾಷೆ ಅಂದುಕೊಂಡು ನಾನು ಮೊಬೈಲ್ ನೋಡುತ್ತಾ ಕೂತೆ.

ಜೋರಾಗಿ ಕಿರುಚುವುದೂ ದಂಡ. ಕಿರುಚಿದರೆ ಜೋರಾಗುವುದು 'ಆ'ನೇ ಹೊರತು 'ಸ' ಅಲ್ಲ. ಅದರ ಜೊತೆಗೆ, ಬೈದ ಹಾಗೆ ಕೇಳಿಸುತ್ತದೆ. ಅಡುಗೆಮನೆಯಿಂದ ಕೂಗುವ ಬದಲು ಎದುರಿಗೆ ಬಂದು, ಟಿವಿ ಸದ್ದು ತಗ್ಗಿಸಿ, ಸ್ವಲ್ಪ ನಿಧಾನ ಹೇಳಿದರೆ ಮುಕ್ಕಾಲು ಪಾಲು ಮುಗಿಯಿತು. ಇದಕ್ಕೆ ದುಡ್ಡೂ ಬೇಡ.

ಕಿವಿ ಮಷಿನ್ ತಂದೆವು. ಮೊದಲ ದಿನವೇ ತೆಗೆದಿಟ್ಟರು. ಸ್ಟೀಲ್ ತಟ್ಟೆ ಇಟ್ಟರೆ ಸಿಡಿಲು ಬಡಿದ ಹಾಗೆ ಆಗುತ್ತದಂತೆ. ವರ್ಷಗಟ್ಟಲೆ ಕೇಳದ ಸದ್ದಿಗೆ ಮಿದುಳು ಮತ್ತೆ ಒಗ್ಗಿಕೊಳ್ಳಲು ವಾರಗಳೇ ಬೇಕು. ಮೊದಮೊದಲು ದಿನಕ್ಕೆ ಒಂದೆರಡು ಗಂಟೆ, ಗಲಾಟೆ ಇಲ್ಲದ ಕಡೆ ಹಾಕಿಸಬೇಕು. ಇದು ಗೊತ್ತಿಲ್ಲದೆ ಎಷ್ಟು ಮನೆಗಳ ಮಷಿನ್ ಸುಮ್ನೆ ಗೋಡೆ ಬೀರುವಿನಲ್ಲಿ ಕೂತಿವೆಯೋ.

ಈಗ ಮನೆಯಲ್ಲಿ ಹಾಕುತ್ತಾರೆ. ನೆಂಟರು ಬಂದರೆ ಮಾತ್ರ ತೆಗೆದು ಜೇಬಿಗೆ. ಮುಂದಿನ ಭಾನುವಾರ ತೀರ್ಥಹಳ್ಳಿಯಲ್ಲಿ ಮದುವೆ. "ಅಲ್ಲಿಗೆ ಅದು ಬೇಡ" ಅಂತ ಈಗಲೇ ಹಠ. ವಾಲಗದ ನಡುವೆ ಎಲ್ಲರಿಗೂ ತಲೆಯಾಡಿಸುತ್ತಾ, ನಗುತ್ತಾ ಕೂರುತ್ತಾರೆ, ಗೊತ್ತು. ಪಂಕ್ತಿಯಲ್ಲಿ ಅವರ ಪಕ್ಕದ ಎಲೆ ನನ್ನದು. ಸಾರು ಬಂದಾಗ ನಾನೇ ಹೇಳುತ್ತೇನೆ.